ಕಂದೂರಿಗೆ ಹೋಗ್ಲೋ, ಬ್ಯಾಡೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟು ಓದಿದೆವು. ಬರೆದವರ ಧರ್ಮ ಬೇರೆ ಬೇರೆ, ಕೊರಗು ಮಾತ್ರ ಒಂದೇ: ಮನೆಯವರ ಮೇಲೆ ಜೀವ ಇದೆ, ಆದರೆ ಅವರು ಮಾಡುವ ಒಂದು ಕೆಲಸಕ್ಕೆ ನಮ್ಮ ಧರ್ಮ ಒಪ್ಪುವುದಿಲ್ಲ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಗುರುತು ಸಿಗುವ ವಿವರ ತೆಗೆದಿದ್ದೇವೆ.

ಪ್ರಶ್ನೆ: ಮದುವೆಯಾದ ಮೇಲೆ ಮಠದಲ್ಲಿ ಲಿಂಗದೀಕ್ಷೆ ತಗೊಂಡೆ, ಮಾಂಸ ಬಿಟ್ಟೆ. ಗಂಡನ ಮನೆಯವರು ಉಣ್ಣುತ್ತಾರೆ. ಈಗ ಮೈದುನನ ಮಗನ ಜಾವಳ ದರ್ಗಾದಲ್ಲಿ ತೆಗೆಸಿ, ಕಂದೂರಿ (ಹರಕೆಯ ಖಂಡದ ಊಟ) ಮಾಡುತ್ತಾರಂತೆ. ಹರಕೆ ಹೊತ್ತ ಮೇಲೆ ಹುಟ್ಟಿದ ಕೂಸು. ಗಣಾಚಾರ ಪಾಲಿಸುವವರು ಇಂಥದ್ದನ್ನು ನೋಡಿ ಸುಮ್ಮನಿರಬಾರದು ಎಂದು ಪರಿಚಯದ ಅಯ್ಯನವರೊಬ್ಬರು ಹೇಳಿದರು. ಹೋಗದಿದ್ದರೆ ನೆಗೆಣ್ಣಿ ಮಾತು ಬಿಡುತ್ತಾಳೆ. ಏನು ಮಾಡಲಿ? (ಆಳಂದ ತಾಲ್ಲೂಕು)

ಉತ್ತರ: ಹೋಗಿ. ಆದರೆ ತಯಾರಿ ಮಾಡಿಕೊಂಡು ಹೋಗಿ.

ಮೊದಲು ಗಣಾಚಾರದ ಮಾತು. ಲಿಂಗಾಯತರಿಗೆ ಆಚಾರಗಳು ಐದು: ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ. ತಪ್ಪು ಕಂಡಲ್ಲಿ ಬಾಯಿ ಬಿಡಬೇಕೆಂದು ಗಣಾಚಾರ ಹೇಳುವುದು ನಿಜ. ಅದರ ಬೆನ್ನಿಗೇ ಭೃತ್ಯಾಚಾರ ಇದೆ, ತಾನು ಎಲ್ಲರಿಗಿಂತ ಕಿರಿಯ ಎಂದು ತಿಳಿದು ನಡೆಯುವುದು. ನಾಲ್ಕನೆಯದನ್ನು ಗಟ್ಟಿಯಾಗಿ ಹಿಡಿದು ಐದನೆಯದನ್ನು ಮರೆತವರ ಮನೆಯಲ್ಲಿ ಹಬ್ಬಕ್ಕೊಂದು ಜಗಳ. ಈ ಸಂದರ್ಭದಲ್ಲಿ ನಿಮ್ಮನ್ನು ನಿಜವಾಗಿ ಕಟ್ಟಿಹಾಕುವುದು ಲಿಂಗಾಚಾರ: ಇಷ್ಟಲಿಂಗ ಬಿಟ್ಟು ಬೇರೆ ಪೂಜೆ ಇಲ್ಲ. ಹಾಗಾಗಿ ಗೋರಿಯ ಮುಂದೆ ಕೈಮುಗಿಯುವುದು, ಫಾತೆಹಾ ಓದಿಸಿದ ಸಕ್ಕರೆಯನ್ನು ಪ್ರಸಾದವೆಂದು ತಿನ್ನುವುದು, ಖಂಡದ ಊಟ, ಈ ಮೂರೂ ನಿಮಗಿಲ್ಲ. ಕೂಸನ್ನು ಎತ್ತಿಕೊಳ್ಳುವುದಕ್ಕೆ, ಆಯೇರಿ (ಉಡುಗೊರೆ) ಮಾಡುವುದಕ್ಕೆ, ಬಂದವರಿಗೆ ನೀರು ಕೊಡುವುದಕ್ಕೆ ಯಾವ ಆಚಾರವೂ ಅಡ್ಡಿಯಿಲ್ಲ.

ಹೇಳುವ ಹೊತ್ತು ಮುಖ್ಯ. ಎಂಟು–ಹತ್ತು ದಿನ ಮೊದಲೇ ಹೇಳಿ. ಮೈದುನನಿಗಲ್ಲ, ಅತ್ತೆಗೂ ಅಲ್ಲ, ನೆಗೆಣ್ಣಿಗೆ. ಅದೂ ಒಬ್ಬಳೇ ಇದ್ದಾಗ, ರೊಟ್ಟಿ ಬಡಿಯುವ ಹೊತ್ತಿನಲ್ಲಿ, ಕೈಗೆ ಕೆಲಸ ಇರುವಾಗ. ಎದುರಿಗೆ ಕೂಡಿಸಿಕೊಂಡು ಹೇಳಿದರೆ ಅದು ಪಂಚಾಯ್ತಿ ಆಗಿಬಿಡುತ್ತದೆ. ಮಾತು ಇಷ್ಟೇ ಸಾಕು: “ತಂಗಿ, ನಾ ಜಾವಳಕ್ಕ ಬರ್ತೀನಿ. ಕೂಸಿನ ಬಟ್ಟಿ ನಂದು. ಖಂಡ ಉಣ್ಣಂಗಿಲ್ಲ, ಒಳಗ ಕೈ ಮುಗಿಯಂಗಿಲ್ಲ. ಬ್ಯಾಸರ ಮಾಡ್ಕೋಬ್ಯಾಡ.” ಬರುತ್ತೇನೆ ಅನ್ನುವುದು ಮೊದಲು, ಮಾಡುವುದು ಅದರ ನಂತರ, ಮಾಡದಿರುವುದು ಕೊನೆಗೆ. ಇದರ ಮುಂದೆ ‘ಯಾಕಂದ್ರ’ ಬೇಡ. ‘ಯಾಕಂದ್ರ’ ಬಂತೆಂದರೆ ಹಿಂದೆಯೇ ‘ಹಂಗಂದ್ರ ನಾವೆಲ್ಲ ಪಾಪಿಗೋಳೇನು?’ ಬರುತ್ತದೆ, ಆಮೇಲೆ ಆ ಮಾತನ್ನು ಹಿಂದಕ್ಕೆ ತಗೊಳ್ಳಲು ಬರುವುದಿಲ್ಲ. ಅವಳೇ ಇನ್ನೊಂದು ದಿನ ನಿಜವಾಗಿ ತಿಳಿಯುವ ಆಸೆಯಿಂದ ಕೇಳಿದರೆ ಆಗ ಹೇಳಿ.

ಇನ್ನು ಊಟ. ಉಪವಾಸ ಕೂತು ಮುಖ ಸಪ್ಪಗೆ ಮಾಡಿದರೆ ಹೋಗಿಯೂ ಹೋಗದಂತೆ. ಮನೆಯಲ್ಲಿ ಮಾದಲಿ ಮಾಡಿಕೊಂಡು ಹೋಗಿ. ಒಂದು ಕಿಲೋ ಗೋಧಿಹಿಟ್ಟಿನ ದಪ್ಪ ಚಪಾತಿ ಬೇಯಿಸಿ, ಆರಿಸಿ ಕುಟ್ಟಿ, ಸುಮಾರು 600 ಗ್ರಾಂ ಬೆಲ್ಲದ ಪುಡಿ, ಒಂದು ಬಟ್ಟಲು ಒಣಕೊಬ್ಬರಿ ತುರಿ, ಹುರಿದ ಗಸಗಸೆ, ಏಲಕ್ಕಿ ಬೆರೆಸಿದರೆ ಹದಿನೈದು ಜನಕ್ಕೆ ಬರುತ್ತದೆ. ಚಪಾತಿ ಬಿಸಿಯಿರುವಾಗಲೇ ಕುಟ್ಟಿದರೆ ಉಂಡೆಗಟ್ಟುತ್ತದೆ, ಬೆಲ್ಲ ನೀರೊಡೆಯುತ್ತದೆ. ಅಲ್ಲಿ ಒಲೆ ಬೇಡ, ಅವರ ಪಾತ್ರೆ ಬೇಡ, ಮೇಲೆ ತುಪ್ಪ ಹಾಕಿಕೊಂಡರೆ ಆಯಿತು. ಖಂಡ ಉಣ್ಣದವರು ಅಲ್ಲಿ ನೀವೊಬ್ಬರೇ ಇರುವುದಿಲ್ಲ, ವಾರದ ಒಪ್ಪತ್ತಿನವರು, ಗುಡ್ಡಾಪುರಕ್ಕೋ ತುಳಜಾಪುರಕ್ಕೋ ನಡೆದುಕೊಳ್ಳುವವರು ಯಾರಾದರೂ ಇದ್ದೇ ಇರುತ್ತಾರೆ. ಒಂದು ಎಚ್ಚರ: ದರ್ಗಾಕ್ಕೆ ಓದಿಸುವ ಮಾಲದಿಯೂ ನೋಡಲು ಹೀಗೆಯೇ ಇರುತ್ತದೆ. ನಿಮ್ಮ ಡಬ್ಬಿಯನ್ನು ‘ಓದಿಸಾಕ ತಂದಾಳ’ ಎಂದು ಒಳಗೆ ಒಯ್ದುಬಿಡುತ್ತಾರೆ. ಹೋದ ಕೂಡಲೇ ನೆಗೆಣ್ಣಿಯ ಕೈಗೆ ಕೊಟ್ಟು, ಊಟಕ್ಕೆ ತಂದದ್ದು ಎಂದು ಹೇಳಿ. ಸೌಟು ನಿಮ್ಮದೇ ಒಯ್ಯಿರಿ. ಸಾರಿನ ಸೌಟು ಅನ್ನಕ್ಕೂ ಬೀಳುವುದು ಕಂದೂರಿಯಲ್ಲಿ ಮಾಮೂಲಿ, ಯಾರೂ ಬೇಕೆಂದು ಮಾಡುವುದಲ್ಲ.

ಮಕ್ಕಳನ್ನು ಮರೆಯಬೇಡಿ. ಮನೆಯಲ್ಲಿ ‘ಅದು ಹೊಲಸು’ ಅಂದಿದ್ದರೆ ಆರು ವರ್ಷದ ಮಗು ಅಲ್ಲಿ ಎಲ್ಲರೆದುರು ಅದನ್ನೇ ಹೇಳುತ್ತದೆ. ‘ಅದು ನಾವು ಉಣ್ಣಂಗಿಲ್ಲ’ ಎಂದಷ್ಟೇ ಕಲಿಸಿ.

ಪ್ರಶ್ನೆ: ಮೈಲಾಪುರ ಜಾತ್ರೆಯಲ್ಲಿ ಮಲ್ಲಯ್ಯನ ಪಲ್ಲಕ್ಕಿ ಮೇಲೆ ಕುರಿಮರಿ ಹಾರಿಸಬೇಕೆಂದು ಅಪ್ಪನ ಹಟ. ಮರಿಗೆ ಹಿಂಸೆ, ಇದು ಧರ್ಮವೇ ಅಲ್ಲ ಎಂದು ನನ್ನ ನಂಬಿಕೆ. (ಯಾದಗಿರಿ)

ಉತ್ತರ: ಮರಿ ಎಸೆಯುವುದನ್ನು ಜಿಲ್ಲಾಡಳಿತ ನಿಷೇಧಿಸಿದೆ, ಸಂಕ್ರಾಂತಿಗೆ ದಾರಿಯಲ್ಲೇ ತಪಾಸಣೆ ಇಟ್ಟು ಮರಿಗಳನ್ನು ಹಿಡಿಯುತ್ತಾರೆ. ಅಪ್ಪನಿಗೆ ಅಹಿಂಸೆ ಬೋಧಿಸುವುದಕ್ಕಿಂತ ಇದನ್ನು ಹೇಳುವುದು ಸುಲಭ: ‘ಅಪ್ಪಾ, ಗೇಟಿನ್ಯಾಗ ಹಿಡದ್ರ ಹರಕಿನೂ ಹೋತು, ಮರಿನೂ ಹೋತು.’ ಹರಕೆ ತೀರಿಸಲು ಭಂಡಾರ (ಅರಿಸಿನ ಪುಡಿ) ಇದ್ದೇ ಇದೆ. ಆ ಮರಿಯನ್ನು ದೇವರ ಹೆಸರಲ್ಲಿ ಹಟ್ಟಿಯಲ್ಲೇ ಸಾಕಲು ಬಿಡುವುದಾದರೆ ಅದರ ಮೇವಿನ ಖರ್ಚು ನೀವು ಹೊತ್ತುಕೊಳ್ಳಿ. ಜಾತ್ರೆಗೆ ನೀವೇ ಅವರನ್ನು ಗಾಡಿಯಲ್ಲಿ ಕರೆದೊಯ್ಯಿರಿ, ಬೇರೆಯವರ ಟಂಟಂ ಹತ್ತಿ ಹೋದರೆ ಮರಿಯೂ ಹತ್ತುತ್ತದೆ.

ಪ್ರಶ್ನೆ: ಅಮ್ಮಿಗೆ 68 ವರ್ಷ, ಮೊಣಕಾಲು ನೋವು. ಇಲ್ಲಿನ ಸೂಫಿ ಸಂತ ಬಂದೇ ನವಾಜರ ಉರುಸಿಗೆ ಕರೆದುಕೊಂಡು ಹೋಗು ಅನ್ನುತ್ತಾರೆ. ಗೋರಿಗೆ ತಲೆಬಾಗುವುದು, ದಾರ ಕಟ್ಟುವುದು ಶಿರ್ಕ್ (ಅಲ್ಲಾಹನಿಗೆ ಸರಿಸಮ ಇಡುವುದು) ಎಂದು ನಾನು ನಂಬಿದವನು. ಭಾಯಿ ನನ್ನನ್ನು ‘ವಹಾಬಿ’ ಅನ್ನುತ್ತಾನೆ, ನಾನೂ ಸಿಟ್ಟಿನಲ್ಲಿ ಅವನಿಗೆ ‘ಕಬರ್ ಪೂಜೆಯವನು’ ಅಂದಿದ್ದೇನೆ. ಒಂದೇ ಮನೆ, ಒಂದೇ ದಸ್ತರ್ಖಾನ್. (ಕಲಬುರಗಿ)

ಉತ್ತರ: ನಿಮ್ಮ ಪ್ರಶ್ನೆಗೆ ಕುರ್‌ಆನ್‌ನಲ್ಲೇ ಹೆಚ್ಚುಕಡಿಮೆ ನೇರ ಉತ್ತರವಿದೆ. ಲುಕ್ಮಾನ್ ಅಧ್ಯಾಯದ 15ನೇ ವಚನ (31:15) ನೋಡಿ. ತಂದೆತಾಯಿ ಅಲ್ಲಾಹನಿಗೆ ಸರಿಸಮ ಇಡುವಂತೆ ಒತ್ತಾಯಿಸಿದರೂ ಆ ಮಾತಿಗೆ ಒಪ್ಪಬೇಡ, ಆದರೆ ಈ ಲೋಕದ ಬಾಳಿನಲ್ಲಿ ಅವರ ಜೊತೆ ಒಳ್ಳೆಯ ರೀತಿಯಲ್ಲಿ ಇರು ಎಂಬುದು ಅದರ ತಾತ್ಪರ್ಯ. ಒತ್ತಾಯ ಮಾಡುವ ತಾಯಿಯ ಬಗ್ಗೆಯೇ ಹೀಗಿದೆ. ನಿಮ್ಮ ಅಮ್ಮಿ ನೀವು ತಲೆಬಾಗಬೇಕೆಂದು ಕೇಳುತ್ತಿಲ್ಲ, ಆಟೋ ಹತ್ತಿಸು, ಕೈಹಿಡಿದು ನಡೆಸು ಅನ್ನುತ್ತಿದ್ದಾರೆ. ತನ್ನ ತಾಯಿ ಇನ್ನೂ ಬಹುದೇವಾರಾಧಕಿಯಾಗಿದ್ದಾಗ ಆಕೆಯೊಂದಿಗೆ ಸಂಬಂಧ ಇಟ್ಟುಕೊಳ್ಳಲೇ ಎಂದು ಅಬೂಬಕರ್ ಅವರ ಮಗಳು ಅಸ್ಮಾ ಕೇಳಿದಾಗ ಪ್ರವಾದಿಗಳು ಹೌದು ಅಂದದ್ದು ಬುಖಾರಿಯಲ್ಲಿದೆ.

ಗೋರಿಗಳ ಬಳಿ ಹೋಗುವುದಕ್ಕೇ ವಿರೋಧವಿಲ್ಲ. ಮೊದಲು ತಡೆದಿದ್ದೆ, ಈಗ ಹೋಗಿ ಎಂಬ ಹದೀಸ್ ಮುಸ್ಲಿಮ್ ಸಂಗ್ರಹದಲ್ಲಿದೆ. ತಕರಾರು ಇರುವುದು ಅಲ್ಲಿ ಮಲಗಿದವರನ್ನು ಬೇಡುವುದರ ಬಗ್ಗೆ, ಸಜ್ದಾದ (ಹಣೆ ನೆಲಕ್ಕೆ ಹಚ್ಚಿ ಬಾಗುವುದರ) ಬಗ್ಗೆ. 1422ರಲ್ಲಿ ತೀರಿಕೊಂಡ ಆ ಹಿರಿಯರಿಗೆ ನೀವು ಸಲಾಂ ಹೇಳಿ, ಅವರಿಗಾಗಿ ದುವಾ ಮಾಡಿ ಹೊರಗೆ ಬಂದರೆ ನಿಮ್ಮ ಅಖೀದಾಕ್ಕೆ (ನಂಬಿಕೆಗೆ) ಏನೂ ಆಗುವುದಿಲ್ಲ. ಒಳಗೆ ಹೋಗಲು ಮನಸ್ಸೇ ಒಪ್ಪದಿದ್ದರೆ ಅಂಗಳದಲ್ಲಿ ಅಮ್ಮಿಯ ಚಪ್ಪಲಿ, ಚೀಲ ಹಿಡಿದು ನಿಲ್ಲಿ. ಅವರ ಜೊತೆ ಒಳಗೆ ಹೋಗಲು ಭಾಬಿಯನ್ನೋ ತಂಗಿಯನ್ನೋ ಕರೆದುಕೊಂಡಿರಿ.

ಉರುಸು ಇಸ್ಲಾಮಿ ಪಂಚಾಂಗದ ಝಿಲ್ಖಾದ್ ತಿಂಗಳ 15ರ ಸಂದಲ್‌ನಿಂದ ಶುರು. ಗಂಧ ಏರಿಸುವ ಆ ದಿನದ ನೂಕಾಟದಲ್ಲಿ ಮೊಣಕಾಲು ನೋವಿನವರನ್ನು ನಡೆಸುವುದು ಕಷ್ಟ. ಉರುಸಿಗೆ ಎರಡು ದಿನ ಮೊದಲೋ, ಮುಗಿದ ಮೇಲೆ ಬೆಳಗ್ಗೆಯೋ ಕರೆದೊಯ್ಯುತ್ತೇನೆ ಅನ್ನಿ. ಸಂದಲ್ ದಿನವೇ ಬೇಕೆಂದರೆ ಮಧ್ಯಾಹ್ನದೊಳಗೆ ಮುಗಿಸಿ ಬನ್ನಿ. ಇದು ಅವರ ಕಾಲಿನ ಮಾತಾಗಿರಲಿ, ಇದರೊಳಗೆ ಶಿರ್ಕ್ ತರಬೇಡಿ. ನೆಪ ಎಂದು ಗೊತ್ತಾದರೆ ಮುಂದಿನ ಸಲ ಕಾಲು ನಿಜವಾಗಿ ನೋಯುತ್ತಿದ್ದರೂ ನಿಮಗೆ ಹೇಳುವುದಿಲ್ಲ.

ತಬರ್ರುಕ್ (ದರ್ಗಾದ ಪ್ರಸಾದ) ಎಂದು ನಿಮ್ಮ ಕೈಗೂ ಮಿಠಾಯಿ ಹಾಕುತ್ತಾರೆ. ತಿನ್ನುವುದೋ ಬಿಡುವುದೋ ನೀವು ನಂಬುವ ಆಲಿಮರನ್ನು (ಧರ್ಮ ಪಂಡಿತರನ್ನು) ಮೊದಲೇ ಕೇಳಿ ಇತ್ಯರ್ಥ ಮಾಡಿಕೊಳ್ಳಿ, ಆ ಕ್ಷಣದಲ್ಲಿ ತಡಬಡಿಸಬೇಡಿ. ತಿನ್ನುವುದಿಲ್ಲ ಎಂದಾದರೆ ಬಲಗೈಯಲ್ಲಿ ತಗೊಂಡು ಪಕ್ಕದವರಿಗೆ ಕೊಡಿ. ಅಮ್ಮಿಯ ಕಣ್ಣೆದುರು ಕಟ್ಟೆಯ ಮೇಲೆ ಇಟ್ಟು ಬರುವುದು ಮಾತ್ರ ಆಗಬಾರದು. ದುಡ್ಡಿನದೂ ಹೀಗೆಯೇ. ತಿಂಗಳಿಗೆ ಕೈಖರ್ಚಿಗೆ ಇಂತಿಷ್ಟು ಕೊಟ್ಟರೆ ಅದು ಅವರ ಹಣ. ದರ್ಗಾಕ್ಕೆ ನಜರ್ (ಕಾಣಿಕೆ) ಕೊಟ್ಟರೋ ಮೊಮ್ಮಕ್ಕಳಿಗೆ ಬಿಸ್ಕಿಟ್ ತಂದರೋ, ಲೆಕ್ಕ ಕೇಳಬೇಡಿ.

ಭಾಯಿಯ ವಿಷಯದಲ್ಲಿ ಮೊದಲ ಹೆಜ್ಜೆ ನಿಮ್ಮದು. ‘ನಾನು ಆ ಮಾತು ಅನ್ನಬಾರದಿತ್ತು’ ಎಂದು ಹೇಳಿ. ಅವನೂ ಹೇಳಲಿ ಎಂದು ಕಾಯಬೇಡಿ. ನೀವು ಬಿಡಬೇಕಾದದ್ದು ಬೈಗುಳ ಒಂದನ್ನೇ, ಅಭಿಪ್ರಾಯವನ್ನಲ್ಲ. ಆ ಎರಡು ಶಬ್ದ ಊಟದ ಹೊತ್ತಿಗೆ ಬರಬಾರದೆಂದು ಅಮ್ಮಿಯ ಬಾಯಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾವು ಮೆಥೋಡಿಸ್ಟ್ ಸಭೆಯವರು. 24 ವರ್ಷದ ಮಗಳು ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆ ಆಗುತ್ತೇನೆ ಅನ್ನುತ್ತಾಳೆ. ಯಜಮಾನರು ಮುಖ ನೋಡುವುದಿಲ್ಲ ಅಂದಿದ್ದಾರೆ. ನೋಟಿಸಿಗೆ ಆಕ್ಷೇಪಣೆ ಹಾಕಿ ತಡೆಯಬಹುದೇ? (ಬೀದರ್)

ಉತ್ತರ: ತಡೆಯಲು ಬರುವುದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ಇಬ್ಬರಿಗೂ ಜೀವಂತ ಗಂಡನೋ ಹೆಂಡತಿಯೋ ಇರಬಾರದು, ಒಪ್ಪಿಗೆ ಕೊಡುವ ಮನಃಸ್ಥಿತಿ ಇರಬೇಕು, ನಿಷಿದ್ಧ ರಕ್ತಸಂಬಂಧ ಇರಬಾರದು. ಆಕ್ಷೇಪಣೆ ಇವುಗಳ ಮೇಲೆ ಮಾತ್ರ. ಧರ್ಮ ಬೇರೆ, ಅಪ್ಪಅಮ್ಮ ಒಪ್ಪಿಲ್ಲ ಎಂಬುದು ಕಾರಣವೇ ಅಲ್ಲ. ಸುಮ್ಮನೆ ಹಾಕಿದ ಆಕ್ಷೇಪಣೆ ಎಂದು ಅಧಿಕಾರಿಗೆ ಕಂಡರೆ ಹಾಕಿದವರಿಗೇ 1,000 ರೂಪಾಯಿವರೆಗೆ ಖರ್ಚು ವಿಧಿಸಬಹುದು. ಸಾವಿರ ರೂಪಾಯಿ ದೊಡ್ಡದಲ್ಲ, ಅವ್ವನ ಹೆಸರಿನ ಆ ಕಾಗದವನ್ನು ಮಗಳು ಓದುತ್ತಾಳಲ್ಲ, ಅದು ದೊಡ್ಡದು.

ಕ್ರಮ ಹೀಗಿದೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಅಂಟಿಸುತ್ತಾರೆ. 30 ದಿನ ಕಳೆದ ಮೇಲೆ ಮದುವೆ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಆಗದಿದ್ದರೆ ಹೊಸ ನೋಟಿಸ್ ಬೇಕು. ಮೂವರು ಸಾಕ್ಷಿಗಳು ಸಹಿ ಹಾಕಬೇಕು. ಧರ್ಮ ಬದಲಿಸುವ ಅಗತ್ಯ ಯಾರಿಗೂ ಇಲ್ಲ, ಹಾಗಾಗಿ ನಿಮ್ಮ ಮಗಳ ದೀಕ್ಷಾಸ್ನಾನಕ್ಕೆ ಈ ಮದುವೆಯಿಂದ ಕುತ್ತಿಲ್ಲ. ಬೀಗರಿಗೆ ತಿಳಿಸಬೇಕಾದ ಒಂದು ವಿಷಯವೂ ಇದೆ. ಹಿಂದೂ ಅವಿಭಕ್ತ ಕುಟುಂಬದ ಹುಡುಗ ಬೇರೆ ಧರ್ಮದವರನ್ನು ಈ ಕಾಯ್ದೆಯಡಿ ಮದುವೆಯಾದರೆ ಆ ಕುಟುಂಬದಿಂದ ಬೇರೆಯಾದಂತೆ. ಇವರ ಮತ್ತು ಇವರ ಮಕ್ಕಳ ವಾರಸುದಾರಿಕೆ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಡೆಯುತ್ತದೆ. ಜಮೀನಿದ್ದ ಮನೆಯಾದರೆ ಮದುವೆಗೆ ಮೊದಲೇ ವಕೀಲರನ್ನು ಕಂಡು ಬರಲಿ.

ಇನ್ನು ಸತ್ಯವೇದದ (ಬೈಬಲಿನ) ಮಾತು. ನಂಬದವರೊಂದಿಗೆ ಜೋಡಾಗಬೇಡಿ ಎಂಬ 2 ಕೊರಿಂಥ 6:14 ನಿಮ್ಮ ಪಾದ್ರಿಗಳು ತೋರಿಸಿರಬೇಕು. ಅದನ್ನು ಮಗಳಿಗೆ ಹೇಳುವ ಹಕ್ಕು ನಿಮಗಿದೆ. ಒಂದು ಸಲ, ಮದುವೆಗೆ ಮೊದಲು, ಮೆತ್ತಗೆ ಹೇಳಿ. ಮದುವೆಯಾದ ಮೇಲೆ ಅದೇ ಪೌಲನ 1 ಕೊರಿಂಥ 7:12–14 ಓದಿ. ನಂಬದ ಸಂಗಾತಿ ಜೊತೆಯಲ್ಲಿ ಬಾಳಲು ಒಪ್ಪಿದರೆ ಬಿಡಬಾರದು ಎಂದಿದೆ. ಅಂದರೆ ಮದುವೆ ಆದ ಮರುದಿನದಿಂದ ‘ಬಿಟ್ಟು ಬಾ’ ಅನ್ನುವ ತಾಯಿ ತನ್ನ ವೇದಕ್ಕೇ ವಿರುದ್ಧ ನಡೆದಂತೆ. ಯಜಮಾನರಿಗೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸಿ.

ಕಚೇರಿಗೆ ಹೋಗಬೇಕೇ? ಹೋಗಿ. ಸಾಕ್ಷಿ ಸಹಿಗೆ ಮನಸ್ಸು ಒಪ್ಪದಿದ್ದರೆ ಹಾಕಬೇಡಿ, ಹಾಕುವುದಿಲ್ಲ ಎಂದು ಒಂದು ವಾರ ಮೊದಲೇ ಹೇಳಿಬಿಡಿ. ಮೂವರು ಎಂದುಕೊಂಡು ಬಂದು ಕೌಂಟರಿನ ಮುಂದೆ ಇಬ್ಬರೇ ಉಳಿದರೆ ಅವತ್ತಿನ ಮದುವೆಯೇ ನಿಲ್ಲುತ್ತದೆ, ಮಾತು ನಿಮ್ಮ ತಲೆಗೆ ಬರುತ್ತದೆ. ಬೀಗರ ಮನೆಯ ಊಟದ ಚಿಂತೆಗೆ 1 ಕೊರಿಂಥ 10:27–28 ಇದೆ: ಬಡಿಸಿದ್ದನ್ನು ಕೆದಕದೆ ಉಣ್ಣಿ, ‘ಇದು ನೈವೇದ್ಯದ್ದು’ ಎಂದು ಯಾರಾದರೂ ಹೇಳಿದರೆ ಆಗ ಬಿಡಿ. ಹೋಳಿಗೆ ಎಲೆಗೆ ಬಿದ್ದ ಮೇಲೆ ‘ದೇವರಿಗೆ ಇಟ್ಟದ್ದೋ ಹೇಗೆ’ ಎಂದು ಕೇಳುವುದು ನಿಮ್ಮ ಕೆಲಸವಲ್ಲ.

ಪ್ರಶ್ನೆ: ಅಕ್ಕ ತನ್ನ 16 ವರ್ಷದ ಮಗಳ ಮದುವೆಯನ್ನು ಜಾತ್ರೆಯ ಸಾಮೂಹಿಕ ವಿವಾಹದಲ್ಲಿ ಮಾಡುತ್ತಿದ್ದಾಳೆ. ‘ಮುತ್ಯಾ ಹೇಳ್ಯಾರ, ದೇವರ ಸನ್ನಿಧಿ’ ಅನ್ನುತ್ತಾಳೆ. ಪ್ರೀತಿಯೂ ಬೇಕು, ಧರ್ಮವೂ ಬೇಕು, ನಾನು ಸುಮ್ಮನಿರಲೇ? (ಶಹಾಪುರ ತಾಲ್ಲೂಕು)

ಉತ್ತರ: ಸುಮ್ಮನಿರಬೇಡಿ. ಮೇಲಿನ ಉತ್ತರಗಳಲ್ಲಿ ಹೇಳಿದ ಹೊಂದಾಣಿಕೆ ಯಾವುದೂ ಇಲ್ಲಿಗೆ ಹೊಂದುವುದಿಲ್ಲ, ಯಾಕೆಂದರೆ ಅಲ್ಲೆಲ್ಲ ದೊಡ್ಡವರು ತಮ್ಮ ಬಾಳಿನ ಬಗ್ಗೆ ತಾವೇ ತೀರ್ಮಾನಿಸಿದ್ದರು. ಇಲ್ಲಿ ಬಾಳು ಒಬ್ಬಳದು, ತೀರ್ಮಾನ ಬೇರೆಯವರದು.

ಮೊದಲು ಅಕ್ಕನಿಗೆ ಹೇಳಿ, ಒಂದೇ ಸಲ: ‘ಅಕ್ಕಾ, 18 ತುಂಬಲಾರ್ದ ಈ ಮದುವಿ ನಾ ಆಗಗೊಡಂಗಿಲ್ಲ.’ ಕರ್ನಾಟಕದಲ್ಲಿ ಇಂಥ ಮದುವೆ ಮೊದಲಿಂದಲೇ ಅಸಿಂಧು. ಮಾಡಿಸಿದವರಿಗೂ ಮಾಡಲು ಬಿಟ್ಟ ಪೋಷಕರಿಗೂ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಪೋಷಕರ ಕಲಮಿನಡಿ ಹೆಣ್ಣುಮಕ್ಕಳಿಗೆ ಜೈಲು ವಿಧಿಸುವಂತಿಲ್ಲ, ಅಕ್ಕನ ಗಂಡನಿಗೆ ಆ ರಿಯಾಯಿತಿ ಇಲ್ಲ. ಇದು ಅಕ್ಕನಿಗೆ ಗೊತ್ತಾದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಹುಡುಗಿಯ ಹೆಸರು, ಊರು, ಮದುವೆಯ ದಿನ, ಅವಳು ಓದಿದ ಶಾಲೆ ಹೇಳಿ. ವಯಸ್ಸಿಗೆ ಶಾಲೆಯ ದಾಖಲೆಯೇ ಮುಖ್ಯ ಆಧಾರ, ‘ಆಧಾರ್ ಕಾರ್ಡಿನ್ಯಾಗ 18 ಅದ’ ಎಂಬ ವಾದ ಬಂದೇ ಬರುತ್ತದೆ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು. ಮದುವೆಯ ಹಿಂದಿನ ರಾತ್ರಿಯ ತನಕ ಕಾಯಬೇಡಿ. ವಾರ ಮೊದಲಾದರೆ ತಿಳಿವಳಿಕೆ ಹೇಳಿ ಮುಚ್ಚಳಿಕೆ ಬರೆಸಿಕೊಳ್ಳಲು, ಬೇಕಾದರೆ ಮ್ಯಾಜಿಸ್ಟ್ರೇಟರಿಂದ ತಡೆ ತರಲು ಸಮಯ ಸಿಗುತ್ತದೆ. ಹಂದರ ಹಾಕಿದ ಮೇಲೆ ಬಂದರೆ ಊರ ಮುಂದೆ ಮಾನ ಹೋಯಿತೆಂಬ ಸಿಟ್ಟು ಹುಡುಗಿಯ ಮೇಲೆ ತಿರುಗುತ್ತದೆ.

ಅಕ್ಕ ಬಹುಶಃ ಒಂದು ವರ್ಷ ನಿಮ್ಮನ್ನು ಮಾತಾಡಿಸಲಿಕ್ಕಿಲ್ಲ. ನಿಮ್ಮ ಪ್ರೀತಿ ಕೆಲಸಕ್ಕೆ ಬರುವುದು ಆ ವರ್ಷದಲ್ಲಿ: ಹುಡುಗಿಯ ಪಿಯುಸಿ ಫೀಸು, ಹಾಸ್ಟೆಲ್ ಅರ್ಜಿ, ಬಸ್ ಪಾಸು ಓಡಾಡಿ ಮಾಡಿಸಿ ಕೊಡಿ.

ಪ್ರಶ್ನೆ: ಬೌದ್ಧ ದೀಕ್ಷೆ ಪಡೆದಿದ್ದೇನೆ. ಅವ್ವನ ದೇವರ ಜಗಲಿಯ ಮೇಲೆ ಯಲ್ಲಮ್ಮ, ಅಂಬಾಬಾಯಿ ಇದ್ದಾರೆ. ದಸರಾಕ್ಕೆ ಘಟ ಕೂಡಿಸು, ಕಾಯಿ ಒಡಿ ಅನ್ನುತ್ತಾಳೆ. ಒಲ್ಲೆ ಅಂದರೆ ಅಳುತ್ತಾಳೆ. ನಾಳೆ ಅವಳು ತೀರಿಕೊಂಡರೆ ಕ್ರಿಯಾಕರ್ಮದ ಪ್ರಶ್ನೆಯೂ ಇದೆ. (ಚಿತ್ತಾಪುರ ತಾಲ್ಲೂಕು)

ಉತ್ತರ: 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳನ್ನು ಇನ್ನೊಮ್ಮೆ ಓದಿ. ಎಲ್ಲದರ ಕರ್ತೃ ‘ನಾನು’. ನಾನು ಪೂಜಿಸುವುದಿಲ್ಲ, ನಾನು ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ. ಅವ್ವನ ಜಗಲಿ ಕೀಳಿಸುತ್ತೇನೆ ಎಂಬ ಪ್ರತಿಜ್ಞೆ ಅದರಲ್ಲಿಲ್ಲ. ಸಕಲ ಜೀವಿಗಳಲ್ಲಿ ಕರುಣೆ ಇಡುವ ಪ್ರತಿಜ್ಞೆಯಂತೂ ಇದೆ, ಅವ್ವ ಆ ಸಕಲರಲ್ಲಿ ಒಬ್ಬಳು.

ಹಾಗಾಗಿ ಘಟ ಕೂಡಿಸುವುದು, ಕಾಯಿ ಒಡೆಯುವುದು ತಮ್ಮನಿಗೋ ತಂಗಿಗೋ ಬಿಡಿ. ಪೇಟೆಯಿಂದ ಎಣ್ಣೆ, ಬತ್ತಿ, ಕಾಯಿ ತಂದುಕೊಡುವುದು ಪೂಜೆಯಲ್ಲ, ಸಂತೆ. ಜಗಲಿಗೆ ಸುಣ್ಣ ಬಳಿಯುವುದು ಮನೆಗೆಲಸ. ಬೇರೆ ಕೆಲವು ಉಪಾಸಕರು ಇದನ್ನೂ ಒಪ್ಪಲಿಕ್ಕಿಲ್ಲ. ಗೆರೆ ಎಲ್ಲಿ ಎಂದು ನೀವೇ ತೀರ್ಮಾನಿಸಿ, ಆದರೆ ದಸರಾ ಬರುವ ಮೊದಲೇ ತೀರ್ಮಾನಿಸಿ. ಈ ವರ್ಷ ಎಣ್ಣೆ ತಂದು, ಮುಂದಿನ ವರ್ಷ ಒಲ್ಲೆ ಅಂದರೆ ಅವ್ವನಿಗೆ ಅದು ಧರ್ಮವಾಗಿ ಕಾಣುವುದಿಲ್ಲ, ಸಿಟ್ಟಾಗಿ ಕಾಣುತ್ತದೆ. ಅವಳ ಕಣ್ಣೀರಿಗೆ ಕಾರಣ ಕಾಯಿ ಇರಲಿಕ್ಕಿಲ್ಲ, ‘ನಾ ಸತ್ತ ಮ್ಯಾಲ ಇದನ್ನೆಲ್ಲ ಹೊರಗ ಒಗೀತಾನ’ ಎಂಬ ಹೆದರಿಕೆ ಇದ್ದೀತು. ಒಗೆಯುವುದಿಲ್ಲ, ತಂಗಿಗೆ ಕೊಡುತ್ತೇನೆ ಎಂದು ಬಾಯಿಬಿಟ್ಟು ಹೇಳಿ ನೋಡಿ.

ಮಣ್ಣಿನ (ಅಂತ್ಯಕ್ರಿಯೆಯ) ವಿಷಯವನ್ನು ಅವಳು ಗಟ್ಟಿಯಾಗಿ ಓಡಾಡಿಕೊಂಡಿರುವಾಗಲೇ ಕೇಳಿ. ದವಾಖಾನೆಯಲ್ಲಿ ಮಲಗಿದ ಮೇಲೆ ಕೇಳಬೇಡಿ. ಅವಳಿಗೆ ಹಳೆಯ ಪದ್ಧತಿಯೇ ಬೇಕೆಂದರೆ ಹಾಗೆಯೇ ಆಗಲಿ, ಕರ್ಮದ ಕೆಲಸ ತಮ್ಮ ಮಾಡಲಿ. ಯಾರು ಏನು ಮಾಡುವುದೆಂದು ತಮ್ಮ, ಸೋದರಮಾವ, ಓಣಿಯ ಇಬ್ಬರು ಹಿರಿಯರಿಗೆ ಅವಳೆದುರೇ ತಿಳಿಸಿಡಿ. ಹೆಣ ಮನೆಯಲ್ಲಿದ್ದಾಗ ಈ ವಾದ ಶುರುವಾದರೆ ಬಿಡಿಸುವವರಿರುವುದಿಲ್ಲ. ಮೈ ತೊಳೆಯಲು ನೀರು ತರುವುದು, ಹೆಗಲು ಕೊಡುವುದು, ಕುಣಿ ತೋಡುವುದು, ಮುಷ್ಟಿ ಮಣ್ಣು ಹಾಕುವುದು, ಇವು ಯಾವುದೂ ಶ್ರಾದ್ಧವಲ್ಲ, ಪಿಂಡವಲ್ಲ. ಹಿರಿಯ ಮಗ ನೀವು, ಮುಂದಿನ ಹೆಗಲು ನಿಮ್ಮದೇ.